ಒಂದೇ ಎಣಿಕೆ, ಎರಡು ವ್ಯಾಖ್ಯಾನ

ಚಿಂಚೋಳಿ, ಸೇಡಂ, ಚಿತ್ತಾಪುರಗಳ ಕಡೆಯ ಶ್ರೋತೃಗಳಿಂದ ಬರುವ ಪತ್ರಗಳಲ್ಲಿ ಒಂದು ಕಳವಳ ಮತ್ತೆ ಮತ್ತೆ ಕಾಣುತ್ತದೆ: ರಾಷ್ಟ್ರಪತಿ ಪದವಿಗೆ ನಿಂತವರನ್ನು ಒಂದು ಪತ್ರಿಕೆ ಧೀಮಂತರೆಂದು ಕೊಂಡಾಡುತ್ತದೆ, ಇನ್ನೊಂದು ಕೈಗೊಂಬೆಯೆಂದು ಹಳಿಯುತ್ತದೆ, ಯಾವುದನ್ನು ನಂಬಬೇಕು? ಸತ್ಯವು ಎರಡರ ನಡುವೆ ಎಲ್ಲಿಯೋ ಇರುತ್ತದೆಂದು ಕೆಲವರು ತಾವೇ ಸಮಾಧಾನಪಟ್ಟುಕೊಂಡಿದ್ದಾರೆ. ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ನಡುವೆಯೇ ನಿಲ್ಲಬೇಕೆಂಬ ಕಟ್ಟುಪಾಡು ಸತ್ಯಕ್ಕಿಲ್ಲ.

1969ರ ರಾಷ್ಟ್ರಪತಿ ಚುನಾವಣೆಯನ್ನು ನೋಡಿ. ಆಗ ಕಾಂಗ್ರೆಸ್ಸಿನ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಮೈಸೂರು ರಾಜ್ಯದ ಮುಖ್ಯಮಂತ್ರಿಗಳು ಚಿಂಚೋಳಿಯ ವೀರೇಂದ್ರ ಪಾಟೀಲರು. ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ನಾಯಕರು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು, ವಿ. ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಪ್ರಧಾನಿ ಇಂದಿರಾ ಗಾಂಧಿಯವರ ಕಡೆಯವರು ಆತ್ಮಸಾಕ್ಷಿಯ ಮತವನ್ನು ಕೇಳಿದರು. ಒಂದು ಬಣದವರಿಗೆ ಅದು ಅಂತಃಕರಣದ ಕರೆ, ಇನ್ನೊಂದು ಬಣದವರಿಗೆ ಶಿಸ್ತಿನ ಭಂಗ.

ಫಲಿತಾಂಶವನ್ನು ಕುರಿತ ಮಾತಂತೂ ಇನ್ನೂ ವಿಚಿತ್ರವಾದುದು. ಮೊದಲ ಪ್ರಾಶಸ್ತ್ಯದ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸ್ವತಂತ್ರ ಮತ್ತು ಜನಸಂಘ ಪಕ್ಷಗಳ ಬೆಂಬಲ ಪಡೆದ ಸಿ. ಡಿ. ದೇಶಮುಖರಿಗೆ 1,12,769 ಮತಮೌಲ್ಯ ಬಂದಿತು. ಗೆಲ್ಲಲು ಬೇಕಾದದ್ದು 4,18,169. ಯಾರಿಗೂ ಅಷ್ಟು ದೊರೆಯದೆ ಇದ್ದುದರಿಂದ, ಕೆಳಗಿನವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳಲ್ಲಿ ಮುಂದಿನ ಪ್ರಾಶಸ್ತ್ಯ ಯಾರಿಗೆ ಗುರುತಾಗಿತ್ತೋ ಅವರಿಗೆ ಆ ಮೌಲ್ಯವನ್ನು ವರ್ಗಾಯಿಸಲಾಯಿತು. ಕೊನೆಗೆ ಗಿರಿಯವರು 4,20,077, ರೆಡ್ಡಿಯವರು 4,05,427. ಮತ್ತೊಮ್ಮೆ ಹೇಳುತ್ತೇನೆ: ಮತದಾರನು 1 ಎಂದು ಬರೆದ ಅಭ್ಯರ್ಥಿ ಕಣದಿಂದ ಹೊರಬಿದ್ದರೆ, 2 ಎಂದು ಬರೆದವರಿಗೆ ಆ ಮತ ಹೋಗುತ್ತದೆ, ಹೊಸ ಮತವೊಂದು ಹುಟ್ಟುವುದಿಲ್ಲ. ದೇಶಮುಖರ ಕಡೆಯ ಎರಡನೆಯ ಪ್ರಾಶಸ್ತ್ಯಗಳನ್ನು ರೆಡ್ಡಿಯವರಿಗೆ ದೊರಕಿಸಲೆಂದೇ ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರೊಡನೆ ಮಾತನಾಡಿದ್ದರು, ಅದೇ ದೊಡ್ಡ ವಿವಾದಕ್ಕೂ ಕಾರಣವಾಯಿತು. ಮೊದಲಿನಿಂದಲೂ ಮುಂದಿದ್ದವರು ಗಿರಿಯವರೇ ಎಂದು ಒಬ್ಬ ಲೇಖಕರು ಬರೆದರೆ ಅದು ದಿಟ. ವರ್ಗಾವಣೆಯಲ್ಲಿ ರೆಡ್ಡಿಯವರಿಗೇ ಬಹುಪಾಲು ಬಂದು ಅಂತರ 14,650ಕ್ಕೆ ಇಳಿಯಿತೆಂದು ಇನ್ನೊಬ್ಬರು ಬರೆದರೆ ಅದೂ ದಿಟ. ಇವೆರಡರ ನಡುವೆ ಇನ್ನಾವ ಸತ್ಯವನ್ನು ಹುಡುಕುವುದು? ಎರಡನ್ನೂ ಪೂರ್ತಿ ಇಟ್ಟುಕೊಳ್ಳಬೇಕು.

ಅದಕ್ಕಾಗಿ ನಾನು ನನ್ನ ಅಭಿಪ್ರಾಯಕ್ಕೆ ಎದುರಾದ ಲೇಖನವನ್ನು ಮೊದಲು ಓದುತ್ತೇನೆ. ಅಂಕಿ, ದಿನಾಂಕ, ಹೆಸರು ಇರುವ ವಾಕ್ಯಗಳಿಗೆ ಸೀಸದ ಕಡ್ಡಿಯಿಂದ ಗೆರೆ ಎಳೆದು, ಅವುಗಳಲ್ಲಿ ಎಷ್ಟನ್ನು ಇನ್ನೊಂದು ಲೇಖನ ಅಲ್ಲಗಳೆಯದೆ ಬಿಟ್ಟಿದೆಯೆಂದು ನೋಡುತ್ತೇನೆ. ಗೆರೆ ಬೀಳದ ಲೇಖನಗಳೂ ಉಂಟು. ಅವುಗಳಲ್ಲಿ ಬರೀ ವಿಶೇಷಣಗಳು.

ಇನ್ನೊಂದು ಎಚ್ಚರಿಕೆ. ಇಂತಹ ಶಾಸಕರು ಇಂತಹವರಿಗೇ ಮತ ಹಾಕಿದರೆಂದು ಖಚಿತವಾಗಿ ಬರೆಯುವವರನ್ನು, ಅದು ನಿಮಗೆ ಹೇಗೆ ಗೊತ್ತೆಂದು ಕೇಳಿರಿ. ಮತ ಗುಪ್ತವಾದುದು. ಸಹಿಯಿಲ್ಲದ ಬರಹವನ್ನಂತೂ ಎಷ್ಟು ರುಚಿಕರವಾಗಿದ್ದರೂ ಪಕ್ಕಕ್ಕಿಡಿ. ಅದೇ ಚುನಾವಣೆಯಲ್ಲಿ ರೆಡ್ಡಿಯವರ ಶೀಲವನ್ನೇ ನಿಂದಿಸುವ ಅನಾಮಧೇಯ ಕರಪತ್ರವೊಂದು ಹರಡಿತ್ತು. ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ಅರ್ಜಿಯಲ್ಲಿ ಆ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1970ರಲ್ಲಿ ರಾಷ್ಟ್ರಪತಿ ಗಿರಿಯವರೇ ಅಲ್ಲಿ ಬಂದು ಸಾಕ್ಷಿ ನುಡಿದರು. ಅರ್ಜಿ ವಜಾ ಆಯಿತು, ಗಿರಿಯವರ ಆಯ್ಕೆ ಉಳಿಯಿತು. ಆದರೆ ಹೆಸರಿಲ್ಲದ ಆ ಕಾಗದವನ್ನು ಓದಿದವರ ಮನಸ್ಸಿನಿಂದ ಅದನ್ನು ಹಿಂದಕ್ಕೆ ಪಡೆಯಲು ಯಾವ ನ್ಯಾಯಾಲಯಕ್ಕೂ ಅಧಿಕಾರವಿರಲಿಲ್ಲ.