ಲೋಟದ ಅಂಚಿನ ನಾದ

ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ 1970ರಲ್ಲಿ ಅಮೆರಿಕದ ಸ್ವರಸಂಯೋಜಕ ಜಾರ್ಜ್ ಕ್ರಂಬ್ ‘ಬ್ಲ್ಯಾಕ್ ಏಂಜೆಲ್ಸ್’ ರಚಿಸಿದರು. ಎರಡು ವಯೊಲಿನ್, ಒಂದು ವಯೋಲಾ, ಒಂದು ಚೆಲ್ಲೊ. ಎಲ್ಲಕ್ಕೂ ವಿದ್ಯುತ್ತಿನ ಬಲ. ಶುರುವಿನಲ್ಲೇ ಕಿವಿ ಕೊರೆಯುವ ಕೀಟಗಳ ಮೊರೆತ. ಮುಂದೊಂದು ಕಡೆ ಮೂವರು ವಾದ್ಯ ಬದಿಗಿಟ್ಟು, ನೀರು ತುಂಬಿ ಶ್ರುತಿ ಮಾಡಿದ ಗಾಜಿನ ಲೋಟಗಳ ಅಂಚಿಗೆ ಕಮಾನು ಎಳೆಯುತ್ತಾರೆ. ನಮ್ಮ ಜಲತರಂಗದ ಬಟ್ಟಲಿಗೆ ಕಡ್ಡಿಯ ಪೆಟ್ಟು ಬೀಳುತ್ತದೆ. ಇಲ್ಲಿ ನಾದ ಎಳೆಎಳೆಯಾಗಿ ಹೊರಡುತ್ತದೆ. ಅದರ ಮೇಲೆ ಚೆಲ್ಲೊ ಒಂದೇ ಹಾಡುತ್ತದೆ. ಅಷ್ಟೊಂದು ಕ್ರೌರ್ಯದ ನಡುವೆ ಈ ಶಾಂತಿ ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಕ್ರಂಬ್ 1929ರಲ್ಲಿ ವೆಸ್ಟ್ ವರ್ಜೀನಿಯಾದ ಚಾರ್ಲ್‌ಸ್ಟನ್‌ನಲ್ಲಿ ಹುಟ್ಟಿದರು. 1968ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಹೆಸರು ಬಂದ ಮೇಲೂ ಪಾಠ ಬಿಡಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು 30 ವರ್ಷ ಕಲಿಸಿದರು. ಅಲ್ಲಿ ಅವರ ಶಿಷ್ಯೆಯಾಗಿದ್ದ ಜೆನ್ನಿಫರ್ ಹಿಗ್ಡನ್‌ಗೆ 2010ರಲ್ಲಿ ಅದೇ ಪ್ರಶಸ್ತಿ ಸಂದಿತು. ಗುರುವಿಗೆ ಇದಕ್ಕಿಂತ ಇನ್ನೇನು ಬೇಕು?

ಸ್ವರಲಿಪಿಯನ್ನು ಅವರು ಕೈಯಲ್ಲೇ, ಮುತ್ತು ಪೋಣಿಸಿದಂತೆ ಬರೆಯುತ್ತಿದ್ದರು. ‘ಮ್ಯಾಕ್ರೊಕಾಸ್ಮಾಸ್’ ಎಂಬ ಪಿಯಾನೊ ಕೃತಿಯಲ್ಲಿ ಕೆಲವು ಪುಟಗಳ ಸ್ವರಸಾಲು ವೃತ್ತವಾಗಿ, ಸುರುಳಿಯಾಗಿ ಸುತ್ತುತ್ತದೆ. 2022ರಲ್ಲಿ, 92ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಕೃತಿಗಳು ಅಚ್ಚಾಗಿರುವುದೂ ಅವರ ಕೈಬರಹದಲ್ಲೇ. ವಾದಕರು ಇಂದಿಗೂ ಅದನ್ನೇ ಎದುರಿಗಿಟ್ಟುಕೊಂಡು ಅಭ್ಯಾಸ ಮಾಡುತ್ತಾರೆ.