ತೂಕ ಇಳಿಸುವ ಆಪರೇಷನ್: ಮಾಡಿಸಬಹುದೇ, ಮಾಡಿಸಬೇಕೇ?

(ಚಿತ್ರದುರ್ಗದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)





ಒಂದೇ ಪ್ರಶ್ನೆ ಈಚೆಗೆ ಎರಡು ಮನೆಗಳಿಂದ ನಮ್ಮ ಬಳಿ ಬಂತು. ಒಬ್ಬರು ಹಿರಿಯೂರಿನ ಸಹೋದರ, ಐದಡಿ ಐದಿಂಚು ಎತ್ತರ, 122 ಕಿಲೋ ತೂಕ. ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತಿಲ್ಲ, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ, ಮಂಡಿ ಮಡಿಸಿ ಸಜ್ದಾ ಮಾಡಿ ಮೂರು ವರ್ಷವಾಯಿತು. ಇನ್ನೊಂದು ಹೊಸದುರ್ಗದ ಕಡೆಯ ತಾಯಿ. ಮಗಳಿಗೆ 68 ಕಿಲೋ, ಕಾಯಿಲೆ ಯಾವುದೂ ಇಲ್ಲ. ಹುಡುಗನ ಮನೆಯವರು 'ಸ್ವಲ್ಪ ದಪ್ಪ' ಅಂದರಂತೆ. ಇಬ್ಬರೂ ಕೇಳಿದ್ದು ಒಂದೇ: ಹಝ್ರತ್, ಹೊಟ್ಟೆಯ ಆಪರೇಷನ್ ಜಾಯಿಝಾ?

ಪ್ರಶ್ನೆ ಒಂದೇ ಆದರೂ ಉತ್ತರ ಒಂದೇ ಅಲ್ಲ.

ಮೊದಲು ನಮ್ಮದೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಇದೇ ಮಿಂಬರ್‌ನಿಂದ, ಹೊಟ್ಟೆಯಲ್ಲಿ ಮೂರನೇ ಒಂದು ಪಾಲು ಮಾತ್ರ ಅನ್ನಕ್ಕೆ ಎಂದು ಕಲಿಸುವ ಹದೀಸನ್ನು ವಿವರಿಸುತ್ತಾ, ದಪ್ಪ ದೇಹವೆಲ್ಲ ನಫ್ಸಿನ ಗುಲಾಮಗಿರಿ ಎಂಬಂತೆ ಮಾತಾಡಿದ್ದೆವು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬರು ಆಮೇಲೆ ಹಿಂದಿನ ಗೋಡೆಯ ಬಳಿ ಕುರ್ಚಿ ಹಾಕಿಕೊಂಡರು. ಹದೀಸ್ ಸತ್ಯ, ನಮ್ಮ ಮಾತು ಅರ್ಧಸತ್ಯ. ವಂಶ, ಹಾರ್ಮೋನು, ಕೆಲವು ಔಷಧಿಗಳು, ಲಾರಿಯಲ್ಲೋ ಅಂಗಡಿಯಲ್ಲೋ ದಿನವಿಡೀ ಕೂರುವ ದುಡಿಮೆ, ಇವೆಲ್ಲ ಸೇರಿ ತೂಕ ಬೆಳೆಯುತ್ತದೆ. ಒಮ್ಮೆ ಬೆಳೆದ ತೂಕವನ್ನು ದೇಹವೇ ಹಟದಿಂದ ಕಾಯುತ್ತದೆ. ಹಝ್ರತ್ ಇಬ್ನ್ ಮಸ್‌ಊದ್(ರ)ರ ಸಣಕಲು ಕಾಲು ನೋಡಿ ಕೆಲವರು ನಕ್ಕಾಗ, ಮೀಝಾನ್‌ನಲ್ಲಿ ಆ ಕಾಲುಗಳು ಉಹುದ್ ಬೆಟ್ಟಕ್ಕಿಂತ ಭಾರ ಎಂಬರ್ಥದ ಮಾತನ್ನು ಪ್ರವಾದಿ(ಸ)ರು ಹೇಳಿದರು. ತೆಳ್ಳಗಿನ ದೇಹವನ್ನು ಕಂಡು ನಗಬಾರದೆಂದರೆ ದಪ್ಪ ದೇಹವನ್ನು ಕಂಡೂ ನಗಬಾರದು.

ಇನ್ನು ಶರೀಅತ್‌ನ ಮಾತು. ಅಲ್ಲಾಹನ ಸೃಷ್ಟಿಯನ್ನು ಬದಲಿಸಬಾರದೆಂಬ ಭಯ ಆ ಸಹೋದರನಿಗಿತ್ತು. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ(ರ) ಬೆಳ್ಳಿಯ ಮೂಗು ಹಾಕಿಸಿಕೊಂಡು ಅದು ವಾಸನೆ ಬಂದಾಗ, ಗಂಡಸರಿಗೆ ಚಿನ್ನ ನಿಷಿದ್ಧವಾಗಿದ್ದರೂ ಚಿನ್ನದ ಮೂಗು ಹಾಕಿಸಿಕೊಳ್ಳಲು ಪ್ರವಾದಿ(ಸ)ರು ಹೇಳಿದರು. ಕಾಯಿಲೆ, ಹಾನಿ, ಅಗತ್ಯ ಇದ್ದಲ್ಲಿ ಚಿಕಿತ್ಸೆಗೆ ಬಾಗಿಲು ತೆರೆದಿದೆ. ಬರೀ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಆರೋಗ್ಯವಂತ ದೇಹವನ್ನು ಕೊಯ್ಯಿಸುವುದು ಬೇರೆ ವಿಷಯ.

ಅಗತ್ಯ ಇದೆಯೋ ಇಲ್ಲವೋ ಹೇಳಬೇಕಾದವರು ವೈದ್ಯರು. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಬಿಎಂಐ ಅವರ ಮೊದಲ ಅಳತೆ. ನಮ್ಮ ದೇಶದಲ್ಲಿ ಪಾಲಿಸುತ್ತ ಬಂದಿರುವುದು 37.5 ದಾಟಿದವರಿಗೆ, ಅಥವಾ ಸಕ್ಕರೆ ಕಾಯಿಲೆ, ಬಿಪಿಯಂಥವು ಇದ್ದು 32.5 ದಾಟಿದವರಿಗೆ ಆಪರೇಷನ್ ಯೋಚಿಸಬಹುದು ಎಂಬುದು. ಹಿರಿಯೂರಿನ ಸಹೋದರನದು ಸುಮಾರು 45. ಹೊಸದುರ್ಗದ ಹುಡುಗಿಯದು 28 ಕೂಡ ಇಲ್ಲ. ಆ ತಾಯಿಗೆ ನಾವು ಹೇಳಿದ್ದಿಷ್ಟೆ: ಮಗಳಲ್ಲ, ಸಂಬಂಧ ಬದಲಿಸಿ.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ ಕಿರುತೆರೆ ನಟಿ ಚೇತನಾ ರಾಜ್ ತೀರಿಹೋದದ್ದು ನಿಮಗೆ ನೆನಪಿರಬಹುದು. ವಯಸ್ಸು ಬರೀ 21. ಅದು ಚರ್ಮದಡಿಯ ಕೊಬ್ಬು ತೆಗೆಯುವುದು. ನಾವು ಹೇಳುತ್ತಿರುವುದು ಜಠರವನ್ನೇ ಚಿಕ್ಕದು ಮಾಡುವುದು. ಎರಡನ್ನೂ ಬೆರೆಸಬೇಡಿ. ಆದರೆ 'ಸಣ್ಣ ಆಪರೇಷನ್' ಎಂಬುದು ಯಾವುದೂ ಇಲ್ಲ.

'ಸ್ಲೀವ್' ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ಮತ್ತೆ ಜೋಡಿಸಲಾಗದು. ಸಕ್ಕರೆ ಕಾಯಿಲೆ, ಉಸಿರು ಕಟ್ಟುವ ಕಾಯಿಲೆ ಅನೇಕರಿಗೆ ಬಹಳ ಇಳಿಯುತ್ತದೆ, ಆಯುಸ್ಸಿನ ಭರವಸೆಯೂ ಹೆಚ್ಚುತ್ತದೆ. ಜೊತೆಗೆ ಹೊಲಿಗೆ ಸೋರುವುದು, ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು ಎಂಬ ಅಪಾಯಗಳೂ ಇವೆ. ಬದುಕಿರುವಷ್ಟು ಕಾಲ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ತೆಗೆದುಕೊಳ್ಳಬೇಕು. ಹೆಣ್ಣುಮಕ್ಕಳು ವರ್ಷ, ಒಂದೂವರೆ ವರ್ಷ ಗರ್ಭ ಧರಿಸಬಾರದು. ಷಾದಿ ಮಹಲ್‌ನಲ್ಲಿ ತಟ್ಟೆ ತುಂಬ ಬಿರಿಯಾನಿ ಬಡಿಸಿ 'ಇನ್ನೊಂದು ತುತ್ತು' ಎಂದು ಒತ್ತಾಯಿಸುವ ನಾವೂ ಬದಲಾಗಬೇಕು. ಹಳೆಯ ಅಭ್ಯಾಸಕ್ಕೆ ಮರಳಿದವರಿಗೆ ತೂಕವೂ ಮರಳುತ್ತದೆ.

ರೋಝಾದ ಬಗ್ಗೆಯೂ ಕೇಳಿದರು. ಆಪರೇಷನ್ ಆದವರು ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು. ಮೊದಲ ವರ್ಷ ವೈದ್ಯರು ಬೇಡವೆಂದರೆ ಹಟ ಮಾಡಬೇಡಿ. ರೋಗಿಗೆ ರಿಯಾಯಿತಿ ಕೊಟ್ಟದ್ದು ಅಲ್ಲಾಹನೇ, ಶಕ್ತಿ ಬಂದಾಗ ಖಝಾ ಇದೆ. ಇಫ್ತಾರಿನಲ್ಲಿ ಶರಬತ್ತು, ಸಿಹಿ ಒಮ್ಮೆಲೇ ಸೇವಿಸಿದರೆ ತಲೆಸುತ್ತು, ಬೆವರು, ಭೇದಿ ಆಗಬಹುದು.

ಹಣದ ಮಾತನ್ನು ಬಿಡುವಂತಿಲ್ಲ. ಖಾಸಗಿ ಆಸ್ಪತ್ರೆಯಲ್ಲಿ ಇದು ಲಕ್ಷಗಳ ವ್ಯವಹಾರ. ಆರೋಗ್ಯ ವಿಮೆ ಇದ್ದವರು ಪಾಲಿಸಿ ತೆಗೆದು ಓದಿ: ಸಾಮಾನ್ಯ ನಿಯಮದಂತೆ 18 ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ 40 ಇರಬೇಕು, ಇಲ್ಲವೇ 35 ಇದ್ದು ಹೃದ್ರೋಗ, ಹತೋಟಿಗೆ ಬಾರದ ಸಕ್ಕರೆಯಂಥ ಗಂಭೀರ ಕಾಯಿಲೆ ಇರಬೇಕು. ಫೈನಾನ್ಸಿನವರ ಬಡ್ಡಿಗೆ ಬೀಳುವ ಮೊದಲು ಜಮಾಅತ್‌ಗೆ ಬನ್ನಿ. ಹೊಳಲ್ಕೆರೆಯಿಂದಲೋ ಹೊಸದುರ್ಗದಿಂದಲೋ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ ಬಂದರೆ ಮುಗಿಯಲಿಲ್ಲ, ತಪಾಸಣೆಗೆ ವರ್ಷಗಟ್ಟಲೆ ಓಡಾಡಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ. ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಐಸಿಯು ಇದೆಯೇ? ಊಟದ ಸಲಹೆಗಾರರು ಇದ್ದಾರೆಯೇ? ಔಷಧಿಯಲ್ಲೇ ಪ್ರಯತ್ನಿಸಬಹುದೇ? ವಾರಕ್ಕೊಮ್ಮೆ ಹಾಕುವ ಮೌಂಜಾರೊದಂಥ ಚುಚ್ಚುಮದ್ದು 2025ರಲ್ಲಿ ನಮ್ಮ ದೇಶಕ್ಕೂ ಬಂದಿದೆ. ಉತ್ತರಿಸಲು ಬೇಸರಪಡುವ ವೈದ್ಯರಾದರೆ ಇನ್ನೊಬ್ಬರ ಬಳಿ ಹೋಗಿ. ಇಸ್ತಿಖಾರ ಮಾಡುವುದು ಇಷ್ಟೆಲ್ಲ ವಿಚಾರಿಸಿದ ಮೇಲೆ, ವಿಚಾರಿಸುವುದರ ಬದಲಿಗಲ್ಲ.

ಹಿರಿಯೂರಿನ ಆ ಸಹೋದರ ಇನ್ನೂ ತೀರ್ಮಾನಿಸಿಲ್ಲ. ಬರುವ ಮಂಗಳವಾರ ಎರಡನೇ ವೈದ್ಯರನ್ನು ಕಾಣಲು ಬೆಂಗಳೂರಿಗೆ ಹೋಗುತ್ತಿದ್ದಾರೆ, ಹೆಂಡತಿಯೂ ಜೊತೆಗಿರುತ್ತಾರೆ. ಅವರಿಗಾಗಿ ದುಆ ಮಾಡೋಣ. ಗೋಡೆಯ ಬಳಿಯ ಆ ಕುರ್ಚಿಯನ್ನು ಮುತವಲ್ಲಿಯವರು ಇಂದು ಮುಂದಿನ ಸಾಲಿನ ಬಲತುದಿಗೆ ತಂದಿಟ್ಟಿದ್ದಾರೆ.