ತಬರನನ್ನು ಓದುವುದು, ತಬರನನ್ನು ನೋಡುವುದು



ಚುಂಚನಕಟ್ಟೆಯ ಬಸ್‌ ನಿಲ್ದಾಣದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಧಾರ್, ಪಾಸ್‌ಬುಕ್, ಅರ್ಜಿ ಮಡಚಿಟ್ಟುಕೊಂಡು ಕೂತ ಯಜಮಾನರನ್ನು ಕಂಡಾಗಲೆಲ್ಲ ನನಗೆ ತಬರ ನೆನಪಾಗುತ್ತಾನೆ. ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ 'ತಬರನ ಕಥೆ'ಯನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. 1986ರ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು. ತಬರನಾಗಿದ್ದ ಚಾರುಹಾಸನ್ ಅವರಿಗೂ ರಾಷ್ಟ್ರಪ್ರಶಸ್ತಿ.

ಕಥೆ ಎರಡರಲ್ಲೂ ಒಂದೇ. ನಿವೃತ್ತನಾದ ಬಡ ನೌಕರ, ಕೈಗೆ ಬಾರದ ಪಿಂಚಣಿ, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತಿರುವ ಹೆಂಡತಿ ಅಪ್ಪಿ. ಆದರೆ ತೇಜಸ್ವಿಯವರ ಗದ್ಯದಲ್ಲಿ ಒಂದು ತುಂಟತನವಿದೆ. ಸಂಕಟದ ಪಕ್ಕದಲ್ಲೇ ಅವರು ಕುಹಕದ ಮಾತೊಂದನ್ನು ಎಸೆದು ಹೋಗುತ್ತಾರೆ. ನಾವು ನಕ್ಕು, ನಕ್ಕಿದ್ದಕ್ಕೆ ನಾಚುತ್ತೇವೆ. ಕ್ಯಾಮೆರಾಗೆ ಆ ದನಿ ದಕ್ಕುವುದು ಕಷ್ಟ. ಕಾಸರವಳ್ಳಿ ಅದನ್ನು ಅನುಕರಿಸಲು ಹೋಗಲೂ ಇಲ್ಲ, ಒಳ್ಳೆಯದೇ ಆಯಿತು. ಬದಲಿಗೆ ಚಾರುಹಾಸನ್ ನಡಿಗೆಯನ್ನೇ ನೆಚ್ಚಿಕೊಂಡರು. ಕಚೇರಿಯಿಂದ ಕಚೇರಿಗೆ ಅಲೆಯುವ ಆ ಸೋತ ಹೆಜ್ಜೆ, ಸಾಹೇಬರೆದುರು ತಾನಾಗಿ ಬಾಗುವ ಬೆನ್ನು. ಕೊನೆಗೆ ಅಪ್ಪಿಯ ಕಾಲು ಕತ್ತರಿಸಿಕೊಡೆಂದು ಕಟುಕನ ಮುಂದೆ ಗೋಗರೆಯುವಾಗ ನಗುವ ಅವಕಾಶವೇ ಉಳಿದಿಲ್ಲ.

ಕಥೆ ಓದಿದಾಗ ನನಗೆ ವ್ಯವಸ್ಥೆಯ ಮೇಲೆ ಸಿಟ್ಟು ಬಂದಿತ್ತು. ಸಿನಿಮಾ ನೋಡಿದಾಗ ತಬರನ ಮೇಲೆ ಕರುಳು ಚುರ್ರೆಂದಿತು. ಎರಡರಲ್ಲಿ ನನ್ನ ಓಟು ಕಥೆಗೇ, ಕೂದಲೆಳೆಯಷ್ಟು ಅಂತರದಲ್ಲಿ. ಎರಡನ್ನೂ ಕಾಣದವರು ಮೊದಲು ಪುಸ್ತಕ ಹಿಡಿಯಿರಿ. ಸಿನಿಮಾ ಮೊದಲು ನೋಡಿದರೆ ಆಮೇಲೆ ತಬರನಿಗೆ ಚಾರುಹಾಸನ್ ಮುಖ ಬಿಟ್ಟು ಬೇರೆ ಮುಖ ಕೊಡಲು ಆಗುವುದಿಲ್ಲ.